ಅಕ್ಕನಿಗೆ ಸಿಗದ ಸೀಟು

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತೆಂದು ಕೊಟ್ಟೂರಿಗೆ ಬಂದು ಹೇಳಿದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ, ಅಲ್ಲಿ ಊಟಕ್ಕೆ ಜೋಳದ ರೊಟ್ಟಿ ಸಿಗುತ್ತದೆಯೇ ಎಂಬುದು. ಎರಡನೆಯದು, ಕೆಲಸದವರ ಮನೆಯವರನ್ನು ವಿಮಾನದಲ್ಲಿ ಕೂರಿಸುತ್ತಾರೆಯೇ ಎಂಬುದು. ವರ್ಷ ತುಂಬಿದ ಮೇಲೆ ಪುಕ್ಕಟೆ ಟಿಕೆಟ್ಟು ಕೊಡುತ್ತಾರಂತೆ ಎಂದೆ. ಅವಳು ಹೊಲಿಗೆ ಮಷಿನ್ ಬಿಟ್ಟೆದ್ದು, ಎದುರುಮನೆಯ ದೊಡ್ಡವ್ವನಿಗೆ ಆ ಸುದ್ದಿ ಮುಟ್ಟಿಸಿ ಬಂದಳು. ಆ ದೊಡ್ಡವ್ವ ನಮಗೆ ಸಂಬಂಧಿಯಲ್ಲ. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾವೂ ಕರೆಯುತ್ತಿದ್ದೆವು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಅಪ್ಪ ಅದಾದ ಎರಡು ವರ್ಷಕ್ಕೆ ಹೋದ. ಅಕ್ಕನಿಗೆ ಸಣ್ಣವಳಿದ್ದಾಗ ಕೀಲು ಹಿಡಿದು ಜ್ವರ ಬಂದಿತ್ತಂತೆ. ಅದು ಹೃದಯದ ಕವಾಟಕ್ಕೆ ಇಳಿದಿದೆ ಎಂದು ಗೊತ್ತಾದದ್ದು ಮದುವೆಯಾದ ಮೇಲೆ. ಹೆರಿಗೆಯಾದರೆ ಜೀವ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ ತಿಂಗಳೊಳಗೆ ಗಂಡನ ಮನೆಯವರು ಅವಳನ್ನು ಒಂದು ಟ್ರಂಕಿನ ಸಮೇತ ಕೊಟ್ಟೂರಿಗೆ ತಂದು ಬಿಟ್ಟರು. ಜಗಳವಾಗಲಿಲ್ಲ. ಬಂದವರಿಗೆ ಅಕ್ಕನೇ ಚಾ ಮಾಡಿ ಕೊಟ್ಟಳು. ಮರುವಾರ ಹರಪನಹಳ್ಳಿಯಿಂದ ಹಳೆಯ ಹೊಲಿಗೆ ಮಷಿನ್ ತರಿಸಿಕೊಂಡಳು. ಕುಪ್ಪಸ ಹೊಲಿಯುತ್ತಿದ್ದಳು, ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳ ಕೂಸುಗಳಿಗೆ ಕುಂಚಿಗೆ ಹೊಲಿಯುತ್ತಿದ್ದಳು. ಅವಳು ಹೊಲಿದ ಕುಂಚಿಗೆಗೆ ಕೂಡ್ಲಿಗಿಯಿಂದಲೂ ಜನ ಬರುತ್ತಿದ್ದರು. ನಾನು ಡಿಗ್ರಿ ಮುಗಿಸಿದ್ದು ಆ ಮಷಿನ್ನಿನ ಸದ್ದಿನಲ್ಲೇ.

ಆರು ತಿಂಗಳಿಗೊಮ್ಮೆ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಬೇಕಿತ್ತು. ಕೊಟ್ಟೂರಿಗೆ ಬರುತ್ತಿದ್ದ ರೈಲು ನಿಂತುಹೋಗಿದ್ದ ಕಾಲ ಅದು. ಬಸ್ಸೇ ಗತಿ. ದಾವಣಗೆರೆ ದಾಟುವಷ್ಟರಲ್ಲಿ ಅವಳ ಪಾದ ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಒರಗಿದರೆ ಉಸಿರು ಕಟ್ಟುತ್ತದೆಂದು ಇಡೀ ದಾರಿ ಮುಂದಿನ ಸೀಟಿನ ಸರಳು ಹಿಡಿದು ನೆಟ್ಟಗೆ ಕೂತಿರುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ನೋಡುತ್ತಿದ್ದುದು ಅವಳ ರೋಗವನ್ನೋ ಬಸ್ಸಿನ ದಣಿವನ್ನೋ ನನಗೆ ತಿಳಿಯುತ್ತಿರಲಿಲ್ಲ. ವಿಮಾನವಾದರೆ ಒಂದು ಗಂಟೆಯ ದಾರಿ. ಎರಡು ದಿನ ಮೊದಲೇ ಹುಬ್ಬಳ್ಳಿಗೆ ಬಂದು ನನ್ನ ಕೋಣೆಯಲ್ಲಿ ಸುಧಾರಿಸಿಕೊಂಡು ಹೋಗಬಹುದು. ನಾನು ಆ ಕೆಲಸಕ್ಕೆ ಅರ್ಜಿ ಹಾಕಿದ್ದರಲ್ಲಿ ಈ ಆಸೆಯೂ ಇತ್ತು.

ಅಗ್ಗದ ಟಿಕೆಟ್ಟಿನ ವಿಮಾನಗಳು ಆಗಷ್ಟೇ ಶುರುವಾಗಿದ್ದವು. ನಮ್ಮ ಕಂಪನಿ ಸಣ್ಣ ಊರುಗಳನ್ನೇ ನೆಚ್ಚಿಕೊಂಡಿತ್ತು. ಎರಡು ಪಂಖದ ಸಣ್ಣ ವಿಮಾನ, ದಿನಕ್ಕೊಂದು ಸಲ ಬೆಂಗಳೂರಿನಿಂದ ಬಂದು ಹೋಗುತ್ತಿತ್ತು. ಟಿಕೆಟ್ಟು ಅಗ್ಗವಾಗಬೇಕಾದರೆ ಕೆಲಸದವರು ಕಡಿಮೆ ಇರಬೇಕು. ಕೌಂಟರಿನಲ್ಲಿ ಕೂತು ಟಿಕೆಟ್ಟು ನೋಡುವವನೂ ನಾನೇ, ಬ್ಯಾಗು ತೂಗಿ ಚೀಟಿ ಕಟ್ಟುವವನೂ ನಾನೇ, ಮೈಕಿನಲ್ಲಿ ಕೂಗುವವನೂ ನಾನೇ, ಕೊನೆಗೆ ಬಿಸಿಲಿಗೆ ಓಡಿ ಸಾಮಾನು ಏರಿಸುವವರ ಜೊತೆ ಕೈಹಚ್ಚುವವನೂ ನಾನೇ. ವಿಮಾನ ನೆಲ ಮುಟ್ಟಿದ ಅರ್ಧ ಗಂಟೆಯೊಳಗೆ ಮತ್ತೆ ಮೇಲೇಳಬೇಕು. ಒಳಗೆ ಊಟವಿಲ್ಲ, ನೀರನ್ನೂ ಕೊಂಡು ಕುಡಿಯಬೇಕು. ಮೊದಲು ಹತ್ತಿದವನಿಗೆ ಕಿಟಕಿ.

ಮೊದಲ ತಿಂಗಳುಗಳಲ್ಲಿ ಅರ್ಧ ಸೀಟು ಖಾಲಿ ಹೋಗುತ್ತಿದ್ದವು. ಆಮೇಲೆ ಜನ ಬರತೊಡಗಿದರು. ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಗಳು, ಹಗರಿಬೊಮ್ಮನಹಳ್ಳಿಯ ಮೇಷ್ಟರು, ಉಚ್ಚಂಗಿದುರ್ಗದಿಂದ ಬಂದು ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡೇ ಕೌಂಟರಿನ ಮುಂದೆ ನಿಂತ ಒಂದು ಕುಟುಂಬ. ಶೇಂಗಾ ಚಟ್ನಿಯ ಡಬ್ಬಿ, ಖಡಕ್ ರೊಟ್ಟಿಯ ಗಂಟು ತೂಕದ ಯಂತ್ರದ ಮೇಲೆ ಕೂರುತ್ತಿದ್ದವು. ಹಾರುವ ಮೊದಲು ಕೆಲವರು ನೆಲಕ್ಕೆ ಕೈಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಮ್ಮ ಊರಿನ ನುಡಿ ಬಲ್ಲವನೆಂದು ಮ್ಯಾನೇಜರು ಅಂಥವರನ್ನೆಲ್ಲ ನನ್ನ ಕಡೆ ಕಳಿಸುತ್ತಿದ್ದರು. ಆ ದಿನಗಳಲ್ಲಿ ನಾನು ಹೆಮ್ಮೆಯಿಂದಲೇ ಇದ್ದೆ. ಸೀಟು ತುಂಬಿದ ದಿನ ನಮಗೆಲ್ಲ ಹಬ್ಬ.

ನನಗೆ ವರ್ಷ ತುಂಬುವಷ್ಟರಲ್ಲಿ ದಿನಾ ಹಬ್ಬವೇ ಆಗಿತ್ತು. ಮನೆಯವರ ಪುಕ್ಕಟೆ ಟಿಕೆಟ್ಟಿಗೆ ಒಂದು ನಿಯಮವಿತ್ತು: ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ಮಾತ್ರ. ಮೊದಲ ಸಲ ಅಕ್ಕ ಬಂದಾಗ ಒಂದೂ ಉಳಿಯಲಿಲ್ಲ. ಎರಡನೇ ಸಲ ಎರಡು ಉಳಿದವು. ಆದರೆ ಬೇಸಿಗೆ, ಬಿಸಿಲೇರಿದರೆ ಆ ವಿಮಾನ ಅಷ್ಟು ಭಾರ ಎತ್ತುವುದಿಲ್ಲ. ಆ ಎರಡು ಸೀಟು ಖಾಲಿಯೇ ಹೋಗಲಿ ಎಂದು ಪೈಲಟ್ ಹೇಳಿ ಕಳಿಸಿದರು. ಎರಡು ಸಲವೂ ಅವಳನ್ನು ಹುಬ್ಬಳ್ಳಿಯಿಂದ ಬಸ್ಸಿನಲ್ಲೇ ಕರೆದುಕೊಂಡು ಹೋದೆ. ಆ ದಾರಿ ಕೊಟ್ಟೂರಿನಿಂದ ಹೋಗುವುದಕ್ಕಿಂತ ಉದ್ದ. ದುಡ್ಡು ಕೊಟ್ಟು ಟಿಕೆಟ್ಟು ತೆಗೆಯಬಹುದಿತ್ತಲ್ಲ ಎಂದರೆ, ಅಗ್ಗದ ಟಿಕೆಟ್ಟು ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತಿತ್ತು. ಆಸ್ಪತ್ರೆಯವರು ತಾರೀಖು ತಿಳಿಸುತ್ತಿದ್ದುದು ವಾರದ ಮುಂಚೆ. ಈ ಕಾರಣ ನಿಜ. ಪುಕ್ಕಟೆ ಸಿಗುವಾಗ ಯಾಕೆ ಎಂಬ ನನ್ನ ಜಿಪುಣತನವೂ ಅಷ್ಟೇ ನಿಜ.

ಮೂರನೇ ಸಲ ಮಳೆಗಾಲ ಮುಗಿದಿತ್ತು. ಹವೆ ತಂಪಾಗಿತ್ತು. ಕೌಂಟರು ಮುಚ್ಚುವ ಹೊತ್ತಿಗೆ ಒಬ್ಬ ಪ್ರಯಾಣಿಕ ಬಂದಿರಲಿಲ್ಲ. ಮ್ಯಾನೇಜರು ನನ್ನತ್ತ ನೋಡಿ ತಲೆಯಾಡಿಸಿದರು. ಅಕ್ಕನ ಹೆಸರಿನ ಚೀಟಿಯನ್ನು ನಾನೇ ಹರಿದುಕೊಟ್ಟೆ. ನನಗೆ ಡ್ಯೂಟಿ ಇತ್ತು; ಬೆಂಗಳೂರಿನಲ್ಲಿ ಇಳಿದಾಗ ನಮ್ಮದೇ ಕಂಪನಿಯ ಹುಡುಗಿಯೊಬ್ಬಳು ಆಟೋ ಹತ್ತಿಸುವುದೆಂದೂ, ನಾನು ಮರುದಿನ ಬಂದು ಸೇರುವುದೆಂದೂ ಮಾತಾಗಿತ್ತು. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ವಿಮಾನದವರೆಗೂ ಅವಳ ಜೊತೆ ನಡೆದೆ. ಮೂರು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು ಹತ್ತಿದಳು. ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ನಾನು ಕೆಳಗಿನಿಂದ ನೋಡಿದೆ, ಅವಳು ಗಾಜಿಗೆ ಅಂಗೈ ಒತ್ತಿ ನನ್ನನ್ನು ಹುಡುಕುತ್ತಿದ್ದಳು.

ಕೌಂಟರಿಗೆ ಮರಳಿದರೆ ಅಲ್ಲಿ ಒಬ್ಬ ಹಿರಿಯರು ನಿಂತಿದ್ದರು. ಹಡಗಲಿ ಕಡೆಯ ಇಟ್ಟಿಗಿ ಎಂಬ ಊರಿನವರು. ಹೊಸ ಧೋತರ, ಕಂಕುಳಲ್ಲಿ ಬಟ್ಟೆಯ ಗಂಟು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಅಲ್ಲಿಂದ ಯಾವುದೋ ಲಾರಿ ಹತ್ತಿ ಬಂದಿದ್ದರು. ಬೆಂಗಳೂರಿನಲ್ಲಿ ಮಗಳು ಹಡೆದಿದ್ದಳು. ಮೂರು ತಿಂಗಳ ಹಿಂದೆಯೇ ಅಳಿಯ ತೆಗೆಸಿಕೊಟ್ಟ ಟಿಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಎರಡೂ ಕೈಯಲ್ಲಿ ಟಿಕೆಟ್ಟು ಹಿಡಿದು ಮ್ಯಾನೇಜರ ಮುಂದೆ ನಿಂತರು.

ಕೌಂಟರು ಮುಚ್ಚಿತ್ತು, ಆಗುವುದಿಲ್ಲ ಎನ್ನಬಹುದಿತ್ತು. ಆದರೆ ವಿಮಾನದ ಬಾಗಿಲು ಇನ್ನೂ ತೆರೆದಿತ್ತು. ದುಡ್ಡು ಕೊಟ್ಟವರು ಕೆಳಗೆ ನಿಂತಿರುವಾಗ ಕೆಲಸದವರ ಮನೆಯವರು ಒಳಗೆ ಕೂತಿದ್ದರೆಂಬ ಮಾತು ಬರಬಾರದು. ಮ್ಯಾನೇಜರು ಒಳ್ಳೆಯ ಮನುಷ್ಯರೇ. ನನ್ನ ಮುಖ ನೋಡದೆ, ನೀನೇ ಹೋಗಿ ಹೇಳು, ಬೇರೆಯವರು ಹೇಳಿದರೆ ಆಕೆಗೆ ನೋವಾದೀತು ಎಂದರು.

ವಿಮಾನದವರೆಗಿನ ಆ ದಾರಿ ನೂರು ಹೆಜ್ಜೆಯೂ ಇರಲಿಲ್ಲ. ಅಕ್ಕ ಬೆಲ್ಟು ಕಟ್ಟಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ಅವಳನ್ನು ನೋಡಿ ಹೋಗಲು ಬಂದಿದ್ದೇನೆಂದು ತಿಳಿದಿದ್ದಳು. ಬಗ್ಗಿ ಕಿವಿಯ ಹತ್ತಿರ ಹೇಳಿದೆ.

ಅವಳು ಬೆಲ್ಟಿನ ಕೊಂಡಿಯನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ಅಂದಳು, “ಈ ಬೆಲ್ಟು ಹೆಂಗ ಬಿಚ್ಚಬೇಕೋ ತಮ್ಮಾ, ನನಗ ಬರವಲ್ದು.”

ನಾನು ಬಿಚ್ಚಿದೆ. ಪಕ್ಕದ ಸೀಟಿನವರು ಕಾಲು ಸರಿಸಿ ದಾರಿ ಬಿಟ್ಟರು. ಕೆಳಗಿಳಿಯುವಾಗ ಅವಳ ಕೈ ನನ್ನ ಭುಜದ ಮೇಲಿತ್ತು, ಹಗುರಾಗಿತ್ತು. ಆ ಹಿರಿಯರು ಎದುರಿಗೆ ಓಡುತ್ತ ಬರುತ್ತಿದ್ದರು. ಅಕ್ಕ ಅವರನ್ನು ತಡೆದು ನಿಲ್ಲಿಸಿದಳು. ಬೈಯುತ್ತಾಳೇನೋ ಎಂದು ನಾನು ಹೆದರಿದೆ.

“ಕಿಟಕಿ ಕಡೀದು ಐತ್ರಿ ಯಜಮಾನ್ರ, ಆರಾಮಾಗಿ ಕುಂದರ್ರಿ,” ಎಂದಳು. “ಮಗಳಿಗೆ ಏನು ಕೂಸು?”

ಗಂಡು ಎಂದು ಹೇಳುತ್ತಲೇ ಅವರು ಮೆಟ್ಟಿಲು ಹತ್ತಿದರು. ಇವಳು ಯಾರು, ಯಾಕೆ ಇಳಿದಳು ಎಂಬುದು ಅವರಿಗೆ ಇವತ್ತಿಗೂ ಗೊತ್ತಿರಲಾರದು.

ಅಂದು ಸಂಜೆ ಬಸ್ಸು ಹತ್ತಿದೆವು. ಹಾವೇರಿಯವರೆಗೂ ಅವಳು ಮುಂದಿನ ಸೀಟಿನ ಸರಳು ಬಿಡಲಿಲ್ಲ. ನಾನು ಕ್ಷಮೆ ಕೇಳಲು ಶುರುಮಾಡಿದಾಗ, ನಿನ್ನ ನೌಕರಿ ನೀನು ಮಾಡಿದಿ, ಬಿಡು ಎಂದಳು. ಆಸ್ಪತ್ರೆಯಲ್ಲಿ ಡಾಕ್ಟರು, ಕವಾಟದ ಆಪರೇಶನ್ ಮಾಡುವ ಹೊತ್ತು ಮೀರುತ್ತಿದೆ, ಮುಂದಿನ ಸಲ ಬಂದಾಗ ನಿರ್ಧಾರ ಮಾಡೋಣ ಎಂದರು. ಈ ಸಲ ಫೆಬ್ರವರಿಯ ತಾರೀಖನ್ನು ಕೈಯಲ್ಲೇ ಬರೆದುಕೊಟ್ಟರು. ಹುಬ್ಬಳ್ಳಿಗೆ ಬಂದವನೇ ಆ ತಾರೀಖಿಗೆ ಅಕ್ಕನ ಹೆಸರಿನಲ್ಲಿ ದುಡ್ಡು ಕೊಟ್ಟು ಟಿಕೆಟ್ಟು ತೆಗೆದೆ. ಇನ್ನು ಯಾರೂ ಇಳಿಸುವಂತಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಅವಳು ನಕ್ಕಳು. ಆಪರೇಶನ್ನಿಗೆ ಹೆದರಿಕೆಯಾಗುತ್ತದೆ, ಆದರೆ ಹೋಗುವ ದಾರಿಯಾದರೂ ಚೆನ್ನಾಗಿರುತ್ತದೆ ಎಂದಳು.

ಸಂಕ್ರಾಂತಿಯಾದ ನಾಲ್ಕನೇ ದಿನ ಬೆಳಿಗ್ಗೆ ದೊಡ್ಡವ್ವನ ಮಗ ಫೋನು ಮಾಡಿದ. ನೀರು ತುಂಬಲು ಬಾಗಿಲಿಗೆ ಬಂದ ಅಕ್ಕ ಹೊಸ್ತಿಲ ಮೇಲೆ ಕೂತವಳು ಹಾಗೇ ಒರಗಿದಳಂತೆ. ಹರಪನಹಳ್ಳಿಯ ಆಸ್ಪತ್ರೆಗೆ ಹೊರಟರೂ ಊರು ದಾಟುವ ಮೊದಲೇ ಎಲ್ಲ ಮುಗಿದಿತ್ತು. ನಾನು ಮುಟ್ಟಿದಾಗ ಅವಳ ಹಣೆಗೆ ವಿಭೂತಿ ಬಳಿದು ಗೋಡೆಗೆ ಆನಿಸಿ ಕೂರಿಸಿದ್ದರು. ನೆಟ್ಟಗೆ ಕೂತಿದ್ದಳು. ಸಂಜೆಯ ಮೊದಲು ಮಣ್ಣು ಮಾಡಿ ಬಂದೆವು.

ಮೂರನೇ ದಿನ ಓಣಿಯ ಹೆಂಗಸರು ಬಂದು ಕೂತಿದ್ದಾಗ ದೊಡ್ಡವ್ವ ನನ್ನ ತಲೆ ಸವರಿ ಹೇಳಿದಳು, “ಅಳಬ್ಯಾಡಪ್ಪಾ. ಅಕ್ಕಗ ವಿಮಾನ ಹತ್ತಿಸಿದಿ, ಅಷ್ಟು ಪುಣ್ಯ ಯಾವ ತಮ್ಮ ಮಾಡ್ಯಾನ? ನೆಲ ಎಲ್ಲಾ ಕೌದಿ ಹಾಸಿದಂಗ ಕಾಣ್ತಿತ್ತು ಅಂತ ದಿನಾ ಹೇಳಾಕಿ.”

ನಾನು ತಲೆಯೆತ್ತಿ ನೋಡಿದೆ. ಉಳಿದವರೂ ಒಂದೊಂದು ಹೇಳತೊಡಗಿದರು. ಬೆಲ್ಟು ಕಟ್ಟಿದ್ದು, ಮೇಲೇಳುವಾಗ ಕಿವಿ ಮುಚ್ಚಿದ್ದು, ತುಂಗಭದ್ರೆ ಬಿಳಿ ದಾರದ ಎಳೆಯಂತೆ ಕಂಡದ್ದು, ಚಾ ಕುಡಿದು ಮುಗಿಸುವಷ್ಟರಲ್ಲಿ ಬೆಂಗಳೂರು ಬಂದದ್ದು. ಕುಪ್ಪಸದ ಅಳತೆ ಕೊಡಲು ಬಂದವರಿಗೆಲ್ಲ ಅವಳು ಇದನ್ನು ಹೇಳಿದ್ದಳು. ಆ ಸಲ ಊರಿಗೆ ಮರಳಿದ ಮೇಲೆ ನನ್ನ ಊಟದ ಹೊತ್ತಿನಲ್ಲಿ ಫೋನು ಮಾಡಿ, ಮೇಲಿನಿಂದ ಹೊಲ ಹೇಗೆ ಕಾಣುತ್ತದೆ, ನದಿ ಹೇಗೆ ಕಾಣುತ್ತದೆ ಎಂದು ಅವಳು ಕೇಳುತ್ತಿದ್ದದ್ದು ನೆನಪಾಯಿತು. ತರಬೇತಿಗೆ ಒಮ್ಮೆ ಹಾರಿದ್ದ ನಾನು ಕಂಡದ್ದನ್ನೆಲ್ಲ ಹೇಳಿದ್ದೆ. ಅವಳಿಗೆ ಹಾರುವ ಆಸೆ ಇನ್ನೂ ಇದೆ ಎಂದಷ್ಟೇ ನಾನು ತಿಳಿದಿದ್ದೆ. ಓಣಿಯ ಜನರ ಮುಂದೆ ತಮ್ಮನ ಮಾತು ಉಳಿಸುತ್ತಿದ್ದಾಳೆ ಎಂದು ಹೊಳೆದಿರಲಿಲ್ಲ. ಹೌದು, ನದಿ ಹಾಗೇ ಕಾಣುತ್ತದೆ ಎಂದು ಹೆಂಗಸರಿಗೆ ಹೇಳಿ ಎದ್ದು ಹಿತ್ತಲಿಗೆ ಹೋದೆ.

ಫೆಬ್ರವರಿಯ ಆ ದಿನ ರಜೆ ತೆಗೆದುಕೊಳ್ಳಬೇಕೆಂದಿದ್ದೆ. ಜೊತೆಯವನಿಗೆ ಜ್ವರ ಬಂತು, ನಾನೇ ಕೌಂಟರಿನಲ್ಲಿ ಕೂರಬೇಕಾಯಿತು. ಟಿಕೆಟ್ಟನ್ನು ರದ್ದು ಮಾಡಿಸಲು ನನಗೆ ಕೈ ಬಂದಿರಲಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಅವಳ ಹೆಸರು ಇತ್ತು. ಬಾರದವರ ಹೆಸರನ್ನು ಮೈಕಿನಲ್ಲಿ ಮೂರು ಸಲ ಕೂಗಬೇಕೆಂಬುದು ನಿಯಮ. ಎರಡು ಸಲ ಕೂಗಿದೆ. ಮೂರನೇ ಸಲಕ್ಕೆ ಮ್ಯಾನೇಜರು ಬಂದು ಮೈಕು ತಾವೇ ತೆಗೆದುಕೊಂಡು ಕೂಗಿದರು. ಆ ಸೀಟು ಸಾಮಾನು ಏರಿಸುವವನೊಬ್ಬನ ತಾಯಿಗೆ ಹೋಯಿತು. ಆಕೆಯೂ ಎರಡು ಸಲ ಬಂದು ಕಾದು ಹೋಗಿದ್ದವಳು. ಮಗ ಅವಳನ್ನು ಕೈಹಿಡಿದು ಹತ್ತಿಸುವುದನ್ನು ನಾನು ಗಾಜಿನ ಈಚೆಯಿಂದ ನೋಡಿದೆ. ಸಂತೋಷಪಡಬೇಕೆಂದು ಪ್ರಯತ್ನಿಸಿದೆ, ಆಗಲಿಲ್ಲ.

ಕಂಪನಿ ಅದರ ಮೇಲೂ ಕೆಲವು ವರ್ಷ ಬೆಳೆಯಿತು. ದೊಡ್ಡ ವಿಮಾನಗಳು, ದೂರದ ಊರುಗಳು. ಆಮೇಲೆ ಎಣ್ಣೆಯ ಬೆಲೆ ಏರಿತು, ಅಗ್ಗದ ಟಿಕೆಟ್ಟು ಅಗ್ಗವಾಗಿ ಉಳಿಯಲಿಲ್ಲ. ಬೇರೊಂದು ದೊಡ್ಡ ಕಂಪನಿ ನಮ್ಮದನ್ನು ಕೊಂಡುಕೊಂಡಿತು. ಹೊಸ ಬಣ್ಣದ ಅಂಗಿ ಕೊಟ್ಟರು. ಹುಬ್ಬಳ್ಳಿಯ ವಿಮಾನ ಮೊದಲು ವಾರಕ್ಕೆ ಮೂರು ದಿನವಾಯಿತು, ಒಂದು ಸೋಮವಾರ ಬರಲೇ ಇಲ್ಲ. ಮ್ಯಾನೇಜರು ನಮ್ಮ ಗುರುತಿನ ಚೀಟಿಗಳನ್ನು ಲಕೋಟೆಗೆ ಹಾಕಿ ಬೆಂಗಳೂರಿಗೆ ಕಳಿಸಿದರು. ತೂಕದ ಯಂತ್ರವನ್ನು ಯಾರೋ ಟೆಂಪೋದಲ್ಲಿ ಒಯ್ದರು.

ನಾನು ಹರಪನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಟಿಕೆಟ್ಟು ಮಾಡಿಕೊಡುವ ಸಣ್ಣ ಅಂಗಡಿ ಇಟ್ಟೆ. ವಯಸ್ಸಾದವರು, ರೋಗಿಗಳು ಬಂದರೆ ಮುಂದಿನ ಸಾಲಿನ ಸೀಟು ಕೊಡಿಸಲು ನೋಡುತ್ತೇನೆ. ಮದುವೆಯಾಯಿತು, ಮಗಳಿದ್ದಾಳೆ. ಕೊಟ್ಟೂರಿನ ಮನೆಗೆ ಹೋದಾಗಲೆಲ್ಲ ದೊಡ್ಡವ್ವ ನನ್ನ ಹೆಂಡತಿಯನ್ನೂ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕನ ವಿಮಾನ ಪ್ರಯಾಣವನ್ನು ಮೊದಲಿನಿಂದ ಹೇಳುತ್ತಿದ್ದಳು. ಪ್ರತಿ ಸಲ ಒಂದಿಷ್ಟು ಸೇರಿಸುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು, ಮಗಳಿಗೆ ಮಾತ್ರ ಹೇಳುವುದು ಬೇಡ ಎಂದಳು.