ಅವ್ವನ ತಲೆಯಲ್ಲಿ ಒಂಬತ್ತು ಸೂಜಿ

ಅವ್ವನ ತಲೆಗೆ ಮೊದಲ ಸೂಜಿ ಇಳಿದಾಗ ಕಿರುಚಿದವಳು ನಾನು. ಅವ್ವ ಮಿಸುಕಾಡಲೂ ಇಲ್ಲ. ಕತ್ತು ಅಲ್ಲಾಡಿಸದೆ ಕಣ್ಣಷ್ಟೇ ಹೊರಳಿಸಿ ನನ್ನನ್ನು ನೋಡಿದಳು. ಮಾತು ಬರುವ ಹಾಗಿದ್ದರೆ, ಮೊದಲು ಇವಳನ್ನು ಹೊರಗೆ ಹಾಕಿ ಎನ್ನುತ್ತಿದ್ದಳು. ಆದರೆ ಎರಡು ತಿಂಗಳ ಹಿಂದೆ ಲಕ್ವಾ ಹೊಡೆದು ಅವಳ ಬಲಗೈಯೂ ಮಾತೂ ಒಂದೇ ಬೆಳಿಗ್ಗೆ ಹೊರಟುಹೋಗಿದ್ದವು.

ಆಸ್ಪತ್ರೆಯವರು ಜೀವ ಉಳಿಸಿ ಮನೆಗೆ ಕಳಿಸಿದ್ದರು. ಕೈಕಾಲಿನ ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯವರೇ, ಇದರ ಜೊತೆಗೆ ಅದನ್ನೂ ಒಂದು ನೋಡಿ ಎಂದು ಇಲ್ಲೇ ಹೈದರಾಬಾದಿನ ದಿಲ್‌ಸುಖ್‌ನಗರದ ಈ ಡಾಕ್ಟರ ವಿಳಾಸ ಕೊಟ್ಟರು. ನೆತ್ತಿಗೆ ಸೂಜಿ ಹಾಕುವ ಚಿಕಿತ್ಸೆ. ಕ್ಲಿನಿಕ್ಕು ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ. ಲಿಫ್ಟಿನ ತುಂಬ ದಪ್ಪ ದಪ್ಪ ಪುಸ್ತಕ ಅಪ್ಪಿಕೊಂಡ ಹುಡುಗಿಯರು, ಅವರ ನಡುವೆ ಗಾಲಿ ಕುರ್ಚಿಯಲ್ಲಿ ಅವ್ವ, ಅವಳು ಹೊರಗೆ ಹೊರಟರೆ ಉಡುವ ಇಳಕಲ್ ಸೀರೆಯಲ್ಲಿ. ಪರೀಕ್ಷೆಗೆ ಹೊರಟವಳು ಅವಳೇ ಅನ್ನಿಸುತ್ತಿತ್ತು.

ಡಾಕ್ಟರು ವಯಸ್ಸಾದವರು, ತೆಲುಗಿನವರು, ನಿಧಾನವಾಗಿ ಮಾತಾಡುವವರು. ನನಗೋ ತಾಳ್ಮೆ ಕಡಿಮೆ. ಎಷ್ಟು ದಿನಕ್ಕೆ ಗುಣವಾಗುತ್ತದೆ ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದೆ. ಅವರು ಒಂದು ಸೂಜಿಯನ್ನು ನನ್ನ ಕೈಯಲ್ಲಿಟ್ಟು ನೋಡು ಎಂದರು. ಕೂದಲಿಗಿಂತ ಕೊಂಚ ದಪ್ಪ, ಅಷ್ಟೇ. ಅದು ಬುರುಡೆಯ ಒಳಗೆ ಹೋಗುವುದಿಲ್ಲವಂತೆ, ಮಿದುಳನ್ನು ಮುಟ್ಟುವುದಿಲ್ಲವಂತೆ. ನೆತ್ತಿಯ ಚರ್ಮದ ಕೆಳಗೆ ಓರೆಯಾಗಿ ಜಾರಿ ಮಲಗುತ್ತದಂತೆ. ತಲೆಯ ಎಡಬದಿಯಲ್ಲಿ ಒಂದು ಸಾಲು ಬಲಗೈಗೆ, ಇನ್ನೊಂದು ಸಾಲು ಮಾತಿಗೆ. ಸೂಜಿ ಇರುವಷ್ಟು ಹೊತ್ತೂ ರೋಗಿ ಸುಮ್ಮನೆ ಕೂರುವ ಹಾಗಿಲ್ಲ, ಕೈಯನ್ನೂ ಬಾಯನ್ನೂ ಆಡಿಸುತ್ತಿರಬೇಕು. ಇಷ್ಟು ಹೇಳಿ, ಗುಣವಾಗಿಯೇ ಆಗುತ್ತದೆ ಎಂದು ನಾನು ಬರೆದುಕೊಡುವುದಿಲ್ಲ ಎಂದರು. ಕೆಲವರಿಗೆ ಒಳ್ಳೆಯದಾದದ್ದನ್ನು ಕಂಡಿದ್ದರು, ಕೆಲವರಿಗೆ ಏನೂ ಆಗದ್ದನ್ನೂ ಕಂಡಿದ್ದರು. ಮಾತ್ರೆ, ವ್ಯಾಯಾಮ ಯಾವುದನ್ನೂ ಬಿಡಬಾರದು. ಹನ್ನೆರಡು ಸಲ ಹಾಕಿ ನೋಡೋಣ, ಏನೂ ಕಾಣದಿದ್ದರೆ ನಾನೇ ನಿಲ್ಲಿಸುತ್ತೇನೆ ಎಂದರು.

ಹೀಗೆ ನಾನು ದುಭಾಷಿಯಾದೆ. ಅವ್ವ ಹೈದರಾಬಾದಿಗೆ ಬಂದು ನಲವತ್ತು ವರ್ಷ. ತೆಲುಗಿನಲ್ಲಿ ತರಕಾರಿ ಚೌಕಾಸಿ ಮಾಡುತ್ತಿದ್ದಳು, ಆಟೋದವರನ್ನು ದಖ್ಖನಿ ಉರ್ದುವಿನಲ್ಲಿ ಬೈಯುತ್ತಿದ್ದಳು. ಈಗ ಅವೆರಡೂ ತಲೆಗೆ ಹತ್ತುತ್ತಿರಲಿಲ್ಲ, ವಿಜಯಪುರದ ಕಡೆಯ ತನ್ನ ಕನ್ನಡವಷ್ಟೇ ತಿಳಿಯುತ್ತಿತ್ತು. ಒಳಗೆ ಒಬ್ಬರಿಗೇ ಅವಕಾಶವಾದ್ದರಿಂದ ಅಪ್ಪ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಮೊದಲೆರಡು ಸಲ ಆದದ್ದೆಂದರೆ ಆಕಳಿಕೆ. ಸೂಜಿ ಹಾಕಿ ಡಾಕ್ಟರು ಎರಡು ಬೆರಳಲ್ಲಿ ಅದನ್ನು ಗರಗರ ತಿರುಗಿಸಿದರೆ ಅವ್ವ ದವಡೆ ಕಳಚುವಷ್ಟು ದೊಡ್ಡದಾಗಿ ಆಕಳಿಸುತ್ತಿದ್ದಳು. ಅವಳನ್ನು ನೋಡಿ ನಾನು, ನನ್ನನ್ನು ನೋಡಿ ಡಾಕ್ಟರು. ಮನೆಗೆ ಹೋಗಿ ಮಧ್ಯಾಹ್ನವಿಡೀ ಗೊರಕೆ ಹೊಡೆದಳು. ಮೂರನೆಯ ಸಲ ಬಲ ಅಂಗೈಯನ್ನು ಎಡಗೈಯಿಂದ ಉಜ್ಜಿಕೊಂಡಳು. ಬಿಸಿ ಅನ್ನಿಸ್ತದೇನು ಎಂದರೆ ತಲೆಯಾಡಿಸಿದಳು, ಇರುವೆ ಹರಿದ ಹಾಗೆ ಆಗ್ತದೇನು ಎಂದರೆ ಅದಕ್ಕೂ ತಲೆಯಾಡಿಸಿದಳು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದವಳಾದ್ದರಿಂದ ಸೂಜಿ ಕಿತ್ತ ಜಾಗದಲ್ಲಿ ಒಂದು ಹನಿ ರಕ್ತ ಒಸರುತ್ತಿತ್ತು, ಡಾಕ್ಟರು ಹತ್ತಿ ಇಟ್ಟು ಬಹಳ ಹೊತ್ತು ಒತ್ತಿ ಹಿಡಿಯುತ್ತಿದ್ದರು.

ನಾಲ್ಕನೆಯ ಸಲ ಮಜಾ ಆಯಿತು. ಸೂಜಿ ತೆಗೆಯುವಾಗ ಒಂದೂ ತಲೆಯಲ್ಲಿ ಉಳಿಯಬಾರದೆಂದು ಡಾಕ್ಟರು ಗಟ್ಟಿಯಾಗಿ ಎಣಿಸುತ್ತಿದ್ದರು. ತೆಲುಗಿನಲ್ಲಿ ಒಕಟಿ, ರೆಂಡು ಎಂದರು. ಮೂರನೆಯದಕ್ಕೆ ಕೈ ಹಾಕಿದಾಗ "ಮೂರು" ಎಂಬ ದನಿ ಕೇಳಿತು. ಅವ್ವನದು. ಡಾಕ್ಟರು ತಮ್ಮ ಎಣಿಕೆ ನಿಲ್ಲಿಸಿ ಮುಂದಿನದನ್ನು ಕಿತ್ತರು. ನಾಕು, ಐದು, ಆರು. ಒಂಬತ್ತಕ್ಕೆ ಸೂಜಿ ಮುಗಿದವು, ಅವ್ವ ಮುಗಿಯಲಿಲ್ಲ. ಇಪ್ಪತ್ತಮೂರರ ತನಕ ಹೋಗಿ ಸುಸ್ತಾಗಿ ನಿಂತಳು. ನಾನು ಅವಳ ಕೆನ್ನೆಗೆ ಮುತ್ತು ಕೊಟ್ಟೆ, ಡಾಕ್ಟರ ಕೈ ಕುಲುಕಿದೆ, ಗೋಡೆಗೆ ತೂಗುಹಾಕಿದ್ದ ತಲೆಯ ನಕ್ಷೆಗೂ ಕೈ ಮುಗಿದೆ. ಡಾಕ್ಟರು ಮಾತ್ರ ಹಿಗ್ಗಲಿಲ್ಲ. ಅಂಕಿ, ವಾರದ ಹೆಸರು, ಹಾಡು, ಹೀಗೆ ಬಾಯಿಪಾಠವಾದದ್ದು ಬೇಗ ಬರುತ್ತದೆ, ಕೇಳಿದ್ದಕ್ಕೆ ಯೋಚಿಸಿ ಉತ್ತರ ಕೊಡುವುದು ಬೇರೆ ದಾರಿ ಎಂದರು. ಆ ಬೇರೆ ದಾರಿಗೆ ಅವರ ಹತ್ತಿರ ಒಂದು ಹಾಳೆ ಇತ್ತು. ಅದರಲ್ಲಿ ಹತ್ತು ಪ್ರಶ್ನೆ. ಚಿತ್ರ ತೋರಿಸಿ ಇದೇನು ಎಂದು ಕೇಳುವುದು, ಕೊನೆಗೆ ಮನೆಯವರ ಹೆಸರು.

ಐದನೆಯ ಸಲ ಆ ಹಾಳೆ ಹಿಡಿದರು. ಬದನೆಕಾಯಿ ಬಂತು. ಬೀಗ ಬಂತು. ಬೆಕ್ಕಿಗೆ ಸ್ವಲ್ಪ ತಡವಾಯಿತು, ಆದರೂ ಬಂತು. ನನ್ನ ಹೆಸರು ಕೇಳಿದಾಗ ನನ್ನ ಅಕ್ಕನ ಹೆಸರು ಹೇಳಿದಳು. ನಮ್ಮ ಮನೆಯಲ್ಲಿ ಅದು ಲಕ್ವಾ ಹೊಡೆಯುವ ಮೊದಲೂ ಹಾಗೇ ಇತ್ತು. ಕೊನೆಯ ಪ್ರಶ್ನೆ ಗಂಡನ ಹೆಸರು. "ಅಪ್ಪನ ಹೆಸರು ಏನವ್ವಾ?" ಎಂದೆ. ಅವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಳು. ಇನ್ನೊಮ್ಮೆ ಕೇಳಿದರೂ ಅದೇ. ಬರುತ್ತಿಲ್ಲ ಎಂದು ನಾನು ಡಾಕ್ಟರಿಗೆ ಹೇಳಿದೆ. ಅವರು ಅಲ್ಲಿ ತಪ್ಪು ಎಂದು ಗೀಟು ಹಾಕಿದರು.

ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ನಾನು ಶಂಶಾಬಾದ್ ವಿಮಾನ ನಿಲ್ದಾಣದ ಒಂದು ಕೌಂಟರಿನಲ್ಲಿ ಕೂರುವವಳು. ದಿನವಿಡೀ ಜನರ ಹೆಸರು ನೋಡುವುದು, ಗುರುತಿನ ಚೀಟಿ ನೋಡುವುದು. ಹೆಸರು ತಪ್ಪಿದ್ದರೆ ಗುರುತು ಇಲ್ಲ, ಗುರುತು ಇಲ್ಲದಿದ್ದರೆ ವಿಮಾನ ಇಲ್ಲ. ಹೆಸರೂ ಗುರುತೂ ನನ್ನ ತಲೆಯಲ್ಲಿ ಒಂದೇ ಆಗಿಹೋಗಿವೆ. ಅವತ್ತು ಹೊರಗೆ ಬಂದಾಗ ಅಪ್ಪ ಎದ್ದು ನಿಂತು, "ಏನಂದ್ರು?" ಎಂದು ಕೇಳಿದರು. ನಾನು ಚಪ್ಪಲಿ ಮೆಟ್ಟುತ್ತಲೇ, "ಎಲ್ಲಾ ಛಲೋ ಐತಿ ಅಪ್ಪಾ. ನಿಮ್ಮ ಗುರುತು ಒಂದು ಹತ್ತವಲ್ದು ಆಕಿಗೆ," ಎಂದುಬಿಟ್ಟೆ.

ಅಪ್ಪ ಮತ್ತೆ ಬೆಂಚಿನ ಮೇಲೆ ಕೂತರು. ಬದನೆಕಾಯಿಯ ಗುರುತು ಸಿಕ್ಕಿತು, ಬೀಗದ ಗುರುತು ಸಿಕ್ಕಿತು, ತನ್ನದು ಮಾತ್ರ ಸಿಗಲಿಲ್ಲ ಎಂದರೆ ಯಾವ ಗಂಡಸು ತಾಳಿಕೊಂಡಾನು? ಆದರೆ ನಮ್ಮ ಅಪ್ಪ ಅಳುತ್ತ ಕೂರುವ ಪೈಕಿ ಅಲ್ಲ. ಬೇಗಂಪೇಟೆಯ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ಮೂವತ್ತು ವರ್ಷ ದುಡಿದವರು, ಅರ್ಜಿ ತಿರಸ್ಕಾರವಾದರೆ ಹೊಸ ದಾಖಲೆ ಜೋಡಿಸಿ ಮತ್ತೆ ಹಾಕಬೇಕೆಂದು ಬಲ್ಲವರು. ಮರುದಿನ ಮುಂಜಾನೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಅವ್ವನ ಹಾಸಿಗೆಯ ಮುಂದೆ ನಿಂತು ತಮ್ಮ ಪರಿಚಯ ಮಾಡಿಕೊಂಡರು. "ನಾ ನಿನ್ನ ಗಂಡ ಅದೀನಿ. ಲಗ್ನ ಆಗಿ ನಲವತ್ತೊಂದು ವರ್ಷ ಆತು. ಬೇಗಂಪೇಟ್ಯಾಗ ನೌಕರಿ ಇತ್ತು, ಈಗ ರಿಟೈರ್ ಆಗೀನಿ. ಇದು ನಮ್ಮನಿ."

ಇದು ದಿನಾ ನಡೆಯಿತು. ಅವ್ವ ಚಹದ ಕಪ್ಪಿನ ಮೇಲಿನಿಂದ ಅವರನ್ನು ಅನುಮಾನದಿಂದ ನೋಡುತ್ತಿದ್ದಳು. ಆ ನೋಟವೇ ಅಪ್ಪನ ಹೆದರಿಕೆಯನ್ನು ಹೆಚ್ಚಿಸಿತು. ಮದುವೆಯ ಫೋಟೋ ಇಳಿಸಿ ಮುಖದ ಪಕ್ಕಕ್ಕೆ ಹಿಡಿದು ತೋರಿಸಿದರು. ಫೋಟೋದಲ್ಲಿ ಮೀಸೆ ಇತ್ತು, ಈಗ ಇರಲಿಲ್ಲ. ಸರಿ, ಮೀಸೆ ಬಿಟ್ಟರು. ಅದು ಬೆಳ್ಳಗೆ ಬಂತು. ಫೋಟೋದಲ್ಲಿ ಕಪ್ಪಗಿತ್ತು. ಸರಿ, ಬಣ್ಣ ತಂದು ಹಚ್ಚಿದರು, ಅರ್ಧ ಮೂಗಿಗೂ ಹತ್ತಿತು. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನಕ್ಕೆ. ನಕ್ಕು ಹೊರಗೆ ಬಂದರೆ ಅಪ್ಪ ಕನ್ನಡಿಯ ಮುಂದೆ ನಿಂತು, "ಈಗರೆ ಗುರುತು ಹತ್ತೀತೇನವಾ?" ಎಂದು ಕೇಳಿದರು. ನನ್ನ ನಗು ಅಲ್ಲಿಗೆ ನಿಂತಿತು. ಆರನೆಯ ಸಲ, ಏಳನೆಯ ಸಲ ಅವ್ವನ ಬಲಗೈ ಬೆರಳು ಮಡಚತೊಡಗಿದವು, ನೀರು ಬೇಕು, ಬೇಡ, ಸಾಕು ಎಲ್ಲ ಬಂದವು. ಹಾಳೆಯ ಕೊನೆಯ ಪ್ರಶ್ನೆಗೆ ಮಾತ್ರ ಮುಖ ಗೋಡೆಗೆ, ಗೀಟು ಹಾಳೆಗೆ.

ಎಂಟನೆಯ ಸಲ ಅವ್ವನ ಕೈ ಹಿಡಿದು ವ್ಯಾಯಾಮ ಮಾಡಿಸುವ ನರ್ಸಮ್ಮ ರಜೆಯಲ್ಲಿದ್ದರು. ಡಾಕ್ಟರು ಅಪ್ಪನನ್ನು ಒಳಗೆ ಕರೆದು ಅವ್ವನ ಎದುರಿಗೆ ಸ್ಟೂಲಿನ ಮೇಲೆ ಕೂರಿಸಿದರು. ಅವ್ವನ ತಲೆಯಲ್ಲಿ ಒಂಬತ್ತು ಸೂಜಿ, ಅಪ್ಪನ ಮುಖದಲ್ಲಿ ಕಪ್ಪು ಮೀಸೆ, ಇಬ್ಬರ ಕೈಯೂ ಒಂದರಲ್ಲೊಂದು. ಬೆರಳು ಒತ್ತಿಸುತ್ತ ಒತ್ತಿಸುತ್ತ ಡಾಕ್ಟರು ಈ ಸಲ ನನ್ನನ್ನು ಕಾಯದೆ, ಅಪ್ಪನ ಕಡೆ ಬೆರಳು ತೋರಿಸಿ ತಾವೇ ಕೇಳಿದರು. "ಈಯನ ಪೇರೇಮಿಟಮ್ಮಾ?"

ಇವರ ಹೆಸರೇನು ಎಂಬ ಆ ತೆಲುಗು ತಿಳಿಯದಿದ್ದರೂ ತೋರಿಸಿದ ಬೆರಳು ಸಾಕಾಯಿತು. ಅವ್ವ ಅಪ್ಪನನ್ನು ಒಮ್ಮೆ ನೋಡಿದಳು. ಎಡಗೈ ಬಿಡಿಸಿಕೊಂಡು ಸೆರಗನ್ನು ಸೂಜಿಗಳ ಮೇಲೆಯೇ ಎಳೆದುಕೊಳ್ಳಲು ಹೋದಳು. ಡಾಕ್ಟರು ಗಾಬರಿಯಿಂದ ತಡೆದರು. ತಲೆ ಮುಚ್ಚಲು ಆಗದೆ ಅವ್ವ ಗಲ್ಲ ಎದೆಗೆ ಹಚ್ಚಿ ತುಟಿ ಬಿಗಿದಳು. ಅರವತ್ತು ದಾಟಿದ ನನ್ನ ಅವ್ವ ನಾಚಿಕೊಂಡಿದ್ದಳು. ಅವಳಿಗೆ ಬರುತ್ತಿರಲಿಲ್ಲ ಎಂದಲ್ಲ, ಅವಳು ಹೇಳುತ್ತಿರಲಿಲ್ಲ.

ನನ್ನ ದಡ್ಡತನಕ್ಕೆ ನಾನೇ ಬೆರಗಾದೆ. ನಮ್ಮ ಕಡೆ ಅವ್ವನ ವಾರಗೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಹೇಳಲೇಬೇಕಾದರೆ ಒಡಪು, ಅಂದರೆ ಪ್ರಾಸದ ಒಂದೆರಡು ಸಾಲು, ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಹೊಸ ಸೊಸೆ ಮನೆಗೆ ಬಂದರೆ ನಾದಿನಿಯರು ಬಾಗಿಲು ಅಡ್ಡಗಟ್ಟಿ ನಿಲ್ಲುತ್ತಾರೆ, ಒಡಪು ಹಾಕಿ ಹೆಸರು ಹೇಳಿದರೇನೇ ಒಳಗೆ ದಾರಿ. ನಾನು ನನ್ನ ಗಂಡನನ್ನು ದಿನಕ್ಕೆ ಇಪ್ಪತ್ತು ಸಲ ಹೆಸರು ಹಿಡಿದು ಕೂಗುವವಳು, ನನಗೆ ಇದು ನೆನಪಾಗಲೇ ಇಲ್ಲ. ಮೇಲಾಗಿ ಒಡಪು ಎಂದರೆ ಬಾಯಿಪಾಠ.

ನಾನು ಓಡಿಹೋಗಿ ಆ ಕೋಣೆಯ ಬಾಗಿಲಿಗೆ ಎರಡೂ ಕೈ ಚಾಚಿ ಅಡ್ಡ ನಿಂತೆ. "ಒಡಪು ಹಾಕಿ ಹೆಸರು ಹೇಳವ್ವಾ. ಇಲ್ಲಂದ್ರ ಇವತ್ತು ಬಾಗಿಲಾ ಬಿಡಂಗಿಲ್ಲ ನೋಡು," ಎಂದೆ.

ಡಾಕ್ಟರಿಗೆ ನನಗೂ ಏನೋ ಆಯಿತೆಂದು ಅನ್ನಿಸಿರಬೇಕು. ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು. ಅವ್ವ ತಲೆಯೆತ್ತಿದಳು. ಬಾಗಿಲಲ್ಲಿ ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿ ಎರಡು ಸಲ ಸುಮ್ಮನೆ ಅಲ್ಲಾಡಿದವು. ಆಮೇಲೆ ಒಂದೊಂದೇ ಪದ, ರಾಗದಲ್ಲಿ, ಅರವತ್ತರ ಗಂಟಲಿನಿಂದ ಇಪ್ಪತ್ತರ ದನಿ ಬಂತು.

"ಅಟ್ಟದ ಮ್ಯಾಲ ಹಿತ್ತಾಳಿ ಕೊಡ..."

ನಿಂತಿತು. ಮುಂದೆ ಹೆಸರು ಬರಬೇಕಾದ ಜಾಗ. ಅಪ್ಪ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿದ್ದರು. ಅವ್ವ ಕಣ್ಣು ಮುಚ್ಚಿದಳು. ನನಗೆ ಅನ್ನಿಸಿತು, ಹೋಯಿತು, ಇದೊಂದು ನಿಜವಾಗಿಯೂ ಹೋಗಿದೆ, ನಾನು ಎಲ್ಲರೆದುರು ಇದನ್ನು ತೆರೆದು ತೋರಿಸಿಬಿಟ್ಟೆ. ಅಷ್ಟರಲ್ಲಿ ಅವ್ವ ಅಪ್ಪನ ಹೆಸರನ್ನು ಹೇಳಿದಳು. ಮೊದಲಕ್ಷರದಿಂದ ಕಡೆಯಕ್ಷರದವರೆಗೆ, ಹಿಂದೆ ಮನೆತನದ ಹೆಸರು ಸೇರಿಸಿ, ಒಂದು ಉಸಿರಿಗೆ. ನಾನು ಇಲ್ಲಿ ಅದನ್ನು ಬರೆಯುವುದಿಲ್ಲ, ಅವ್ವನಿಗೆ ಇಷ್ಟವಾಗುವುದಿಲ್ಲ.

"...ಅವರ ಹೆಸರು ಹೇಳೀನಿ, ನಾದಿನಿ ಬಾಗಿಲಾ ಬಿಡ," ಎಂದು ಮುಗಿಸಿದಳು.

ಆಮೇಲಿನ ಐದು ನಿಮಿಷ ಆ ಕ್ಲಿನಿಕ್ಕು ಕ್ಲಿನಿಕ್ಕಾಗಿ ಉಳಿಯಲಿಲ್ಲ. ನಾನು ಕುಣಿದೆ. ಕುಣಿತಕ್ಕೆ ಬಾಗಿಲು ಬಡಿದುಕೊಂಡಿತು, ಹೊರಗೆ ಕಾಯುತ್ತಿದ್ದವರು ಒಳಗೆ ಇಣುಕಿದರು, ಯಾರಿಗೋ ಸೂಜಿ ಜಾಸ್ತಿಯಾಯಿತೆಂದು ಒಬ್ಬರು ಅಂದದ್ದೂ ಕೇಳಿಸಿತು. ವಿಷಯ ತಿಳಿದು ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕಾದ ಮೇಲೆ ಹಳೆಯ ಹಾಳೆಗಳ ಕಟ್ಟನ್ನು ತೆಗೆದು ನೋಡುತ್ತ ಕೂತರು. ನಮ್ಮ ಅಮ್ಮನೂ ಹೇಳುತ್ತಿರಲಿಲ್ಲ, ಎಷ್ಟು ಜನ ತಾಯಂದಿರಿಗೆ ಹೀಗೆ ಗೀಟು ಹಾಕಿದ್ದೇನೋ ಎಂದರು. ಇದು ಸೂಜಿಯಿಂದಲೇ ಆದದ್ದೇ ಎಂದು ನಾನು ಕೇಳಿದ್ದಕ್ಕೆ, ಸೂಜಿಯ ಪಾಲು ಎಷ್ಟು, ವ್ಯಾಯಾಮದ್ದೆಷ್ಟು, ತಾನಾಗಿ ಬಂದದ್ದೆಷ್ಟು ಎಂದು ಬಿಡಿಸಿ ಹೇಳಲು ತಮ್ಮಿಂದಾಗದು ಎಂದರು. ಅಂಥ ಪ್ರಾಮಾಣಿಕ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನ್ನಿಸಿತು, ಅವರ ಕೈಯಲ್ಲಿ ಸೂಜಿ ಇದ್ದದ್ದರಿಂದ ಬಿಟ್ಟೆ.

ಮಾತು ಇನ್ನಷ್ಟು ಬಂದ ಮೇಲೆ ಅವ್ವ ತನ್ನ ಕಡೆಯ ಕಥೆ ಹೇಳಿದಳು. "ನಿಮ್ಮಪ್ಪಗ ಏನೋ ಆಗೇತಿ ಅಂತ ತಿಳಕೊಂಡಿದ್ದೆ. ದಿನಾ ಮುಂಜಾನೆ ಬಂದು ನಾ ನಿನ್ನ ಗಂಡ ಅಂತಾರು. ಮೀಸಿಗೆ ಬಣ್ಣ ಬ್ಯಾರೆ. ಇವರ ತಲಿಗೂ ಎರಡು ಸೂಜಿ ಹಾಕ್ರಿ ಅಂತ ಡಾಕ್ಟರಿಗೆ ಹೇಳಬೇಕಂತ ಭಾಳ ಮಾಡಿದೆ, ಬಾಯಿಗೆ ಬರಲಿಲ್ಲ." ಅದನ್ನು ಕೇಳಿ ಅಪ್ಪನೇ ಎಲ್ಲರಿಗಿಂತ ಹೆಚ್ಚು ನಕ್ಕರು.

ಆದರೆ ಆ ದಿನ, ಎಂಟನೆಯ ಸಲ ಮುಗಿಸಿ ಆಟೋದಲ್ಲಿ ಮನೆಗೆ ಬರುವಾಗ ಅಪ್ಪನಿಗೆ ನಗು ಬಂದಿರಲಿಲ್ಲ. ಅವ್ವ ನಮ್ಮಿಬ್ಬರ ನಡುವೆ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. "ಅಪ್ಪಾ, ತಪ್ಪು ನಂದ ಐತಿ. ಡಾಕ್ಟರು ಕೇಳಿದ್ದು ನಿಮ್ಮ ಹೆಸರು. ನಾ ಬಂದು ನಿಮಗ ಗುರುತು ಅಂತ ಹೇಳಿದೆ."

ಅಪ್ಪ ರಸ್ತೆಯನ್ನೇ ನೋಡುತ್ತಿದ್ದರು. "ಹಂಗಾರ ಆಕಿಗೆ ನನ್ನ ಗುರುತು ಇತ್ತು?" ಎಂದರು.

"ಮೊದಲಿಂದ್ಲೂ ಇತ್ತು ಅಪ್ಪಾ."

ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ನಾನೂ ನನ್ನ ದುಪಟ್ಟಾಕ್ಕೆ ಮುಖ ಒರೆಸಿಕೊಂಡೆ. ನಡುವೆ ಕೂತ ಅವ್ವ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿ, "ಏನ್ರೀ," ಎಂದಳು.

ನಲವತ್ತೊಂದು ವರ್ಷ ಅಪ್ಪನನ್ನು ಅವಳು ಕರೆದದ್ದು ಹಾಗೆಯೇ. ಲಕ್ವಾ ಹೊಡೆದ ಮೇಲೆ ಅದೇ ಮೊದಲ ಸಲ. ಅಪ್ಪ ತಿರುಗಿ, "ಏನ?" ಎಂದರು. ಅವ್ವ ಮುಂದಿನ ಮಾತಿಗಾಗಿ ಹುಡುಕಿದಳು, ಸಿಗಲಿಲ್ಲ. ಸಿಕ್ಕದ್ದನ್ನೇ ಮತ್ತೆ ಹೇಳಿದಳು. "ಏನ್ರೀ."

"ಇಲ್ಲೇ ಅದೀನಿ," ಎಂದರು ಅಪ್ಪ.

ಅವಳಿಗೆ ಆ ಪದ ರುಚಿಸಿಬಿಟ್ಟಿತ್ತು. ಸಿಗ್ನಲ್ಲಿನಲ್ಲಿ ಕರೆದಳು, ಮೆಟ್ರೋ ಕಂಬಗಳ ನೆರಳು ದಾಟುವಾಗ ಕರೆದಳು, ಆಟೋ ಗುಂಡಿಯಲ್ಲಿ ಎಗರಿದಾಗ ನಗುತ್ತ ಕರೆದಳು. ಮನೆ ಬರುವವರೆಗೆ ಅವಳು ಎಷ್ಟು ಸಲ ಕರೆದಳೋ ಅಷ್ಟೂ ಸಲ ಅಪ್ಪ, ಇಲ್ಲೇ ಅದೀನಿ ಎಂದರು.