ವೈಫೈ ಸರಿಮಾಡಲು ಬಂದವರು

ತಾಂಬರಂನಲ್ಲಿ ನಾನು ಒಬ್ಬಳೇ ಇದ್ದೆ. ಹೊಸ ಲ್ಯಾಪ್‌ಟಾಪಿನಲ್ಲಿ ನೆಟ್ ತೆವಳುತ್ತಿತ್ತು. ಫೋನಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ನೋಡಲು ಬಂದ ಮೆಕ್ಯಾನಿಕ್ಕಿಗೆ ಐವತ್ತು ದಾಟಿರಬೇಕು. ಒಂದೇ ಬೆರಳಿನಲ್ಲಿ ಕೀಲಿ ಒತ್ತುತ್ತ, ಪ್ರತಿ ಸಲವೂ ತಮಿಳಿನಲ್ಲಿ "ಪಾಕ್ಕಲಾಂ", ನೋಡೋಣ, ಎನ್ನುತ್ತಿದ್ದರು.

"ಯಾವಾಗ ಸರಿಯಾಗುತ್ತೋ" ಎಂದು ನನ್ನಷ್ಟಕ್ಕೇ ಗೊಣಗಿಕೊಂಡೆ. ಅವರ ಬೆರಳು ನಿಂತಿತು.

"ಕನ್ನಡದವರಾ? ನಮ್ಮದು ಕುಂದಾಪುರದ ಕಡೆ."

ಮನೆಯ ವೈಫೈಗೆ ಎರಡು ಹೆಸರಿದ್ದು, ಲ್ಯಾಪ್‌ಟಾಪ್ ನಿಧಾನದ್ದನ್ನು ಹಿಡಿದಿತ್ತು. ಅದನ್ನು ಬದಲಿಸಿದರು. ನೆಟ್ ಸರಿಹೋಯಿತು. ಅವರು ಮಾತ್ರ ಏಳಲಿಲ್ಲ.

"ಏನಾದ್ರೂ ಮಾತಾಡಿ ಮೇಡಂ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಕನ್ನಡವೇ ಇಲ್ಲ. ಮಕ್ಕಳದ್ದೆಲ್ಲ ತಮಿಳು."

ತೋಚದೆ, ಬೆಳಿಗ್ಗೆ ಹುಳಿಗೆ ಉಪ್ಪು ಹೆಚ್ಚಾದದ್ದನ್ನು ಹೇಳಿದೆ. ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದರು.

ವಾರದ ಮೇಲೆ ಫೋನ್ ಮಾಡಿದರು. "ನೆಟ್ ಸರಿ ಇದೆಯಾ?"

ಸರಿಯಾಗಿಯೇ ಇತ್ತು. "ಇಲ್ಲ, ಒಮ್ಮೆ ಬಂದು ನೋಡಿ" ಎಂದೆ.