ದೋಣಿಗೆ ಒಂದು ಗೀರೂ ಬೀಳಲಿಲ್ಲ

ನಿನ್ನ ಅಪ್ಪನಿಗೆ ಪ್ಲೇಗು ತಗುಲಿದೆ ಎಂದು ಸುಳ್ಳು ಹೇಳಿದವನು ನಾನು, ಫಾತಿಮಾ. ಕುರುಬರ ಹಟ್ಟಿಯ ಈರಕ್ಕನಲ್ಲ, ಅವಳ ಗಂಡನೂ ಅಲ್ಲ — ನಾನು. ಅಜ್ಜಂಪುರದ ಸ್ಟೇಷನ್ನಿನಲ್ಲಿ ನಿಂತು ನನ್ನ ಬಾಯಿಂದಲೇ ಹೇಳಿದೆ. ನಿಮ್ಮ ಮನೆಯ ಹೆಂಚು ಇಳಿಸಿದ್ದು, ನಿಮ್ಮನ್ನೆಲ್ಲ ಊರಾಚೆಯ ಗುಡಿಸಲಿಗೆ ಅಟ್ಟಿದ್ದು, ಅಲ್ಲಿ ನಿನ್ನ ಅಪ್ಪನ ತಾಯಿ, ನಿನ್ನ ದಾದಿ, ಚಳಿಗೆ ನಡುಗಿ ನಡುಗಿ ತೀರಿಕೊಂಡದ್ದು — ಎಲ್ಲವೂ ಆ ಒಂದು ಮಾತಿನಿಂದ ಆದದ್ದು.

ಮೊನ್ನೆ ನೀನು ಮಗನ ಮದುವೆಗೆ ಕರೆಯಲು ಬಂದಿದ್ದೆ. ಜಗಲಿಯ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದೆ — “ನಮ್ಮಪ್ಪ ಇಲ್ಲ ಮಾವ. ಅವರ ಜಾಗದಾಗೆ ನೀವೇ ಕೂತ್ಕೋಬೇಕು. ಅವರ ಜೀವ ಉಳಿಸ್ದೋರು ನೀವು.” ನಾನು ತಲೆಯಾಡಿಸಿದೆ. ನೀನು ಹೋದ ಮೇಲೆ ಎದ್ದು ಒಳಗೆ ಹೋಗಲಾಗದೆ ಅಲ್ಲೇ ಕೂತುಬಿಟ್ಟೆ. ಆ ಜಾಗದಲ್ಲಿ ಕೂರಲು ನನಗೆ ಹೆದರಿಕೆ. ಸುಮ್ಮನೆ ಕೂತುಬಿಡುತ್ತೇನೇನೋ ಎಂದು ಇನ್ನೂ ಹೆಚ್ಚಿನ ಹೆದರಿಕೆ. ಅದಕ್ಕೇ ನಡೆದದ್ದನ್ನು ನಡೆದಂತೆ ಬರೆದುಕೊಳ್ಳುತ್ತಿದ್ದೇನೆ — ಹೇಳುವಾಗ ನಾಲಿಗೆ ಹೊರಳದಿರಲಿ ಎಂದು.

ಆಗ ನಾನು ಕಡೂರಿನಲ್ಲಿ ಒಬ್ಬ ಬಿಳಿ ಇಂಜಿನಿಯರ್ ದೊರೆಯ ಬಳಿ ದಲಾಯತನಾಗಿದ್ದೆ, ಹೇಳಿದ ಕೆಲಸ ಮಾಡುವ ಜವಾನ. ದೊರೆಗೆ ದೋಣಿಯ ಹುಚ್ಚು. ಮೀನು ಹಿಡಿಯುವ ದೋಣಿಯಲ್ಲ, ಪಂದ್ಯದ ದೋಣಿ. ನಾಲ್ಕು ಜನ ಒಬ್ಬರ ಹಿಂದೊಬ್ಬರು ಕೂತು ಹುಟ್ಟು ಹಾಕುವಂಥದು. ಗಾಡಿಗಿಂತ ಎರಡು ಪಾಲು ಉದ್ದ, ಅಗಲ ಮಾತ್ರ ಒಬ್ಬ ಮನುಷ್ಯ ಕೂರುವಷ್ಟು. ಹಲಗೆ ಎಷ್ಟು ತೆಳುವೆಂದರೆ ಬೆರಳಿನಿಂದ ತಟ್ಟಿದರೆ ತಮಟೆಯಂತೆ ಸದ್ದು ಮಾಡುತ್ತಿತ್ತು. ಒಳಗೆ ಕಾಲಿಡಬೇಕಾದರೂ ನಡುವಿನ ಒಂದು ಪಟ್ಟಿಯ ಮೇಲೇ ಇಡಬೇಕು. ಬಿಸಿಲಿಗೆ ಬಿಟ್ಟರೆ ಸೀಳುತ್ತದೆ, ಹಗ್ಗ ಬಿಗಿದರೆ ನೆಗ್ಗುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಅದನ್ನು ಕಾಯುವ ಕೆಲಸ ನನ್ನದು. ನನಗಿಂತ ಮುಂಚೆ ಇದ್ದವನ ಕೈಯಲ್ಲಿ ಒಮ್ಮೆ ದೋಣಿಯ ತಳ ಬಿರುಕು ಬಿಟ್ಟಿತ್ತಂತೆ. ದೊರೆ ಅವನನ್ನು ಕುದುರೆಯ ಚಾವಟಿಯಿಂದ ಹೊಡೆದು, ಅಂದೇ ಹೆಂಡತಿ ಮಕ್ಕಳ ಸಮೇತ ಬಂಗಲೆಯ ಹಿಂದಿನ ಮನೆಯಿಂದ ಹೊರಗೆ ಹಾಕಿಸಿದರಂತೆ. ಆ ಮನೆಯಲ್ಲೇ ನಾನಿದ್ದೆ. ನನಗೂ ಹೊಸದಾಗಿ ಮದುವೆಯಾಗಿತ್ತು. ದಿನಾ ಬೆಳಿಗ್ಗೆ ಎದ್ದು ಮೊದಲು ದೋಣಿಯ ಮೈ ಸವರಿ ನೋಡುತ್ತಿದ್ದೆ.

ಆ ವರ್ಷ ಬುಕ್ಕಾಂಬುಧಿಯ ಕೆರೆ ತುಂಬಿತ್ತು. ದೊರೆಗಳೆಲ್ಲ ಸೇರಿ ಅಲ್ಲಿ ಪಂದ್ಯ ಇಟ್ಟರು. ದೋಣಿಯನ್ನು ಕಡೂರಿನಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ತಂದು, ಅಲ್ಲಿಂದ ಗಾಡಿಯಲ್ಲಿ ಕೆರೆಗೆ ಒಯ್ಯಬೇಕು. ಅಷ್ಟು ಉದ್ದದ್ದನ್ನು ಹೊರುವ ಗಾಡಿ ಊರಲ್ಲಿ ಇದ್ದದ್ದು ಒಂದೇ — ನಿನ್ನ ಅಪ್ಪನದು, ತರೀಕೆರೆ ಕಡೆಯಿಂದ ಮರದ ದಿಮ್ಮಿ ತರುತ್ತಿದ್ದ ಉದ್ದ ಗಾಡಿ.

ನಿನ್ನ ಅಪ್ಪ ಹುಸೇನ್ ಸಾಹೇಬನನ್ನು ನಾನು ಮೊದಲು ಕಂಡದ್ದು ಹಾಗೆ. ದೋಣಿಯ ಸುತ್ತ ಒಂದು ಸುತ್ತು ಬಂದು, ಗಾಡಿಗೆ ಹುಲ್ಲು ಹಾಸಿ, ಇನ್ನೂ ಸಾಲದು ಎಂದು ತನ್ನ ಹೆಗಲ ಕಂಬಳಿಯನ್ನೇ ತೆಗೆದು ತಳಕ್ಕೆ ಹಾಕಿದ. ಹುಟ್ಟುಗಳಿಗೆ ಗೋಣಿ ಸುತ್ತಿದೆವು, ದೋಣಿಯ ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿದೆವು. ದಾರಿಯುದ್ದಕ್ಕೂ ಅವನು ಗಾಡಿ ಏರಲಿಲ್ಲ. ಎತ್ತುಗಳ ಜೊತೆ ನಡೆಯುತ್ತ, ಗುಂಡಿ ಬಂದಲ್ಲಿ ಚಕ್ರಕ್ಕೆ ಹೆಗಲು ಕೊಟ್ಟ. “ಮದುವಣಗಿತ್ತೀನ ಕರ್ಕೊಂಡ್ ಹೋದಂಗೆ ಹೋಗ್ತಾ ಇದ್ದೀವಲ್ಲೋ ರಂಗಪ್ಪ” ಎಂದು ನಕ್ಕ. ನಾನು ನಗಲಿಲ್ಲ. ಒಂದೊಂದು ಕಲ್ಲಿಗೂ ಬಗ್ಗಿ ದೋಣಿಯ ತಳ ನೋಡುತ್ತಿದ್ದೆ.

ಪಂದ್ಯದಲ್ಲಿ ನಮ್ಮ ದೊರೆ ಸೋತರು. ಮುಖ ಕೆಂಪಗೆ ಮಾಡಿಕೊಂಡು ದಡಕ್ಕೆ ಬಂದು, ನನ್ನತ್ತ ಬೆರಳು ತೋರಿಸಿ, ಸಂಜೆಯ ಗೂಡ್ಸ್ ಗಾಡಿಗೆ ದೋಣಿ ಏರಿರಬೇಕು, ಒಂದು ಗೀರು ಕಂಡರೆ ನಿನ್ನ ಮುಖ ನನಗೆ ತೋರಿಸಬೇಡ ಎಂದು ಹೇಳಿ ಕುದುರೆ ಏರಿ ಹೋದರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಫಾತಿಮಾ. ದೊರೆ ದೋಣಿ ಜೋಪಾನ ಎಂದರು. ಮನುಷ್ಯನನ್ನು ದಾರಿಯಲ್ಲಿ ಬಿಟ್ಟು ಬಾ ಎನ್ನಲಿಲ್ಲ. ಅದು ನನ್ನದೇ.

ಬಿಸಿಲೇರಿದಾಗ ವಾಪಸು ಹೊರಟೆವು. ಅರ್ಧ ದಾರಿ ಬರುವಷ್ಟರಲ್ಲಿ ನಿನ್ನ ಅಪ್ಪನ ಹೆಜ್ಜೆ ತಪ್ಪತೊಡಗಿತು. ಮೊದಲು ಎತ್ತಿನ ಕೊರಳು ಹಿಡಿದುಕೊಂಡು ನಡೆದ. ಆಮೇಲೆ ನಿಂತ. ಹಲ್ಲು ಕಟಕಟ ಎನ್ನುತ್ತಿತ್ತು. ಅಂಥ ಬಿಸಿಲಿನಲ್ಲಿ ನಡುಗುವುದನ್ನು ಕಂಡು ನಾನು ಹಿಂದಕ್ಕೆ ಸರಿದೆ — ಹೌದು, ಹತ್ತಿರ ಹೋಗಲಿಲ್ಲ, ಹಿಂದಕ್ಕೆ ಸರಿದೆ. ಆಗ ಸುತ್ತಮುತ್ತ ಎಲ್ಲಿ ನೋಡಿದರೂ ಪ್ಲೇಗಿನ ಮಾತೇ. ಕಡೂರಿನ ನಮ್ಮ ಬೀದಿಯಲ್ಲೇ ಮೂರು ಮನೆ ಬಾಗಿಲು ಹಾಕಿದ್ದವು.

ನಾನು ಸರಿದದ್ದು ಅವನಿಗೆ ಕಂಡಿತು. ಅಂಗಿ ಬಿಚ್ಚಿದ, ಎರಡೂ ಕೈ ಮೇಲೆತ್ತಿದ.

“ನೋಡೋ ರಂಗಪ್ಪ. ಸರಿಯಾಗಿ ನೋಡು. ಗೆಡ್ಡೆ ಇಲ್ಲ, ಏನಿಲ್ಲ. ಮಳೆಗಾಲ ಕಳೀತಿದ್ದಂಗೆ ಬರೋ ಚಳಿಜ್ವರ ಕಣೋ ಇದು. ಎಲ್ಲಾ ವರ್ಷ ಬತ್ತದೆ.”

ನಾನು ನೋಡಿದೆ. ಹತ್ತಿರ ಬಂದು ಕಂಕುಳು, ತೊಡೆಯ ಸಂದು — ಎಲ್ಲ ನೋಡಿದೆ. ಗೆಡ್ಡೆ ಇರಲಿಲ್ಲ. ಇದನ್ನು ನೀನು ಮನಸ್ಸಿನಲ್ಲಿಟ್ಟುಕೋ ಫಾತಿಮಾ, ಮುಂದಿನದಕ್ಕೆಲ್ಲ ಇದು ಬೇಕು. ಗೊತ್ತಿಲ್ಲದೆ ಹೇಳಿದ ಮಾತಲ್ಲ ಅದು. ಗೊತ್ತಿದ್ದೇ ಹೇಳಿದೆ.

ಅವನಿಗೆ ಇನ್ನು ನಡೆಯಲಾಗುತ್ತಿರಲಿಲ್ಲ. ಗಾಡಿಯ ಮೇಲೆ ಜಾಗವಿರಲಿಲ್ಲ, ಇದ್ದ ಜಾಗವೆಲ್ಲ ದೋಣಿಯದು. ದಾರಿ ಪಕ್ಕದಲ್ಲಿ ಒಂದು ಪಾಳು ಮಂಟಪವಿತ್ತು. ಅದರ ಕಟ್ಟೆಯ ಮೇಲೆ ಕೂತು ಅವನು ಹೇಳಿದ —

“ದೋಣಿಯೊಳಗೇ ಮಲಗಿಸ್ಬಿಡೋ. ಅಲ್ಲಾಡದಂಗೆ ಮಲ್ಕೊಂಡಿರ್ತೀನಿ.”

“ಹಲಗೆ ತಾಳಲ್ಲ ಹುಸೇನಣ್ಣ” ಎಂದೆ.

“ನಾನೇನ್ ದಿಮ್ಮಿನೇನೋ?” ಎಂದು ನಗಲು ನೋಡಿದ. ಆಗಲಿಲ್ಲ. “ನನ್ನ ಕಂಬಳೀನಾದ್ರೂ ಕೊಡು” ಎಂದ.

ಕಂಬಳಿ ದೋಣಿಯ ತಳದಲ್ಲಿತ್ತು. ಎಳೆದರೆ ಒಂದು ಬದಿ ತಗ್ಗಿ, ಹಲಗೆ ಗಾಡಿಯ ಮರಕ್ಕೆ ಉಜ್ಜುತ್ತದೆ. ನಾನು ಕಂಬಳಿಯ ಅಂಚು ಹಿಡಿದೆ, ದೋಣಿಯನ್ನು ನೋಡಿದೆ — ಬಿಟ್ಟುಬಿಟ್ಟೆ.

ಮಲಗಿಸಬಹುದಿತ್ತು. ಹುಲ್ಲು ಹರಡಿ, ನಡುವಿನ ಪಟ್ಟಿಯ ಮೇಲೆ ಮೆಲ್ಲಗೆ ಮಲಗಿಸಿದ್ದರೆ ಆ ಹಲಗೆ ತಾಳುತ್ತಿತ್ತು ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ದೋಣಿಯನ್ನು ಇಳಿಸಿ ಮಂಟಪದಲ್ಲಿಟ್ಟು, ಅವನನ್ನು ಊರಿಗೆ ಒಯ್ದು ಮತ್ತೆ ಬರಬಹುದಿತ್ತು. ಗೂಡ್ಸ್ ತಪ್ಪುತ್ತಿತ್ತು, ಅಷ್ಟೇ. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ದೊರೆಯ ಚಾವಟಿ — ಬೀದಿಯಲ್ಲಿ ಪಾತ್ರೆಪಡಗದ ಜೊತೆ ನಿಂತ ನನ್ನ ಹೆಂಡತಿ. ಹುಸೇನ್ ಸಾಹೇಬ ನನ್ನ ಎದುರಿಗೇ ಇದ್ದ, ಅವನು ಕಾಣಲಿಲ್ಲ. ದೋಣಿಯ ಮೇಲಿನ ಗೋಣಿಗೆ ಚಿಮುಕಿಸಲು ತಂದಿದ್ದ ನೀರಿನ ಗಡಿಗೆಯನ್ನು ಅವನ ಪಕ್ಕದಲ್ಲಿಟ್ಟೆ. “ಊರಿಗೆ ಹೋದ ತಕ್ಷಣ ಜನ ಕಳಿಸ್ತೀನಿ” ಎಂದೆ. ಅವನು ತಲೆಯಾಡಿಸಿದ. ನಂಬಿದ್ದ.

ಹೋಗುವಾಗ ಎತ್ತುಗಳು ಎರಡು ಸಲ ನಿಂತು ಹಿಂದೆ ತಿರುಗಿದವು. ನಾನು ಬಾರುಕೋಲು ಎತ್ತಿದೆ.

ಸ್ಟೇಷನ್ನಿನಲ್ಲಿ ಪ್ಲೇಗು ತಪಾಸಣೆಗೆಂದು ಒಬ್ಬ ಕಾಂಪೌಂಡರ್ ಇರುತ್ತಿದ್ದ. ಬೇರೆ ಊರಿನವನು, ಆದರೆ ನಿನ್ನ ಅಪ್ಪನ ಗಾಡಿಯ ಗುರುತಿತ್ತು. “ಇದು ಹುಸೇನ್ ಗಾಡಿಯಲ್ವೇನಯ್ಯ? ಅವನೆಲ್ಲಿ?” ಎಂದು ಕೇಳಿದ.

ಜ್ವರ ಬಂತು, ದಾರಿಯಲ್ಲಿ ಬಿಟ್ಟು ಬಂದೆ ಎಂದೆ.

“ಬರೀ ಜ್ವರಕ್ಕೆ ದಾರೀಲಿ ಬಿಟ್ಟು ಬಂದೆಯಾ?” ಎಂದ.

ಅವನ ದನಿಯಲ್ಲಿ ಏನಿತ್ತೋ — ಛೀ ಎಂದಂತೆ ಕೇಳಿಸಿತು ನನಗೆ. ಅವನು ಜನ ಕೂಗುತ್ತಾನೆ, ಗಾಡಿ ತಿರುಗಿಸು ಎನ್ನುತ್ತಾನೆ, ಗೂಡ್ಸ್ ಹೊರಟುಹೋಗುತ್ತದೆ ಎಂದು ದಿಗಿಲಾಯಿತು. ಬಾಯಿ ತೆರೆದೆ.

“ಪ್ಲೇಗು ಸ್ವಾಮಿ.”

“ಗೆಡ್ಡೆ ಕಂಡೆಯಾ?”

“ಕಂಡೆ ಸ್ವಾಮಿ. ಕಂಕುಳಲ್ಲಿ.”

ಇಷ್ಟೇ. ಅವನು ಎರಡು ಹೆಜ್ಜೆ ಹಿಂದೆ ಹೋದ, ಮಧ್ಯಾಹ್ನ ನಾನು ಹೋದ ಹಾಗೆಯೇ. ನನ್ನ ಕಂಕುಳು ನೋಡಿದ, ಕೈಕಾಲಿಗೆ ಫಿನೈಲು ಹಾಕಿಸಿದ. ಗಾಡಿಯವನು ದೋಣಿಯನ್ನು ಮುಟ್ಟಿಯೇ ಇಲ್ಲ ಎಂದು ಇನ್ನೊಂದು ಸುಳ್ಳು ಹೇಳಿದೆ. ದೊರೆಯ ಸಾಮಾನು ಎಂದ ಮೇಲೆ ಅದನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹಮಾಲರು ದೋಣಿ ಏರಿಸಿದರು. ಎತ್ತುಗಳನ್ನು ಹುಣಸೆಮರಕ್ಕೆ ಕಟ್ಟಿ ನಾನೂ ಹತ್ತಿದೆ. ನಿಮ್ಮ ಮನೆ ಸ್ಟೇಷನ್ ಬೀದಿಯ ಕೊನೆಯಲ್ಲೇ ಇತ್ತು. ಬಂದು ಒಂದು ಮಾತು ಹೇಳಬಹುದಿತ್ತು. ಬರಲಿಲ್ಲ.

ಮಾರನೆಯ ದಿನ ಕಡೂರಿನಲ್ಲಿ ದೊರೆ ದೋಣಿಯ ಮೈಮೇಲೆಲ್ಲ ಕೈಯಾಡಿಸಿ ನೋಡಿ “ಶಾಬಾಸ್” ಎಂದರು. ಒಂದು ಗೀರೂ ಇರಲಿಲ್ಲ. ಗಾಡಿಯವನ ವಿಷಯ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ದೋಣಿಯ ಕೆಳಗೆ ಬಂದಿದ್ದ ಕಂಬಳಿಯನ್ನು ಯಾರೂ ನೋಡದಂತೆ ಬಾವಿಯ ಹಿಂದೆ ಸುಟ್ಟೆ.

ಅದೇ ಹೊತ್ತಿಗೆ ನಿಮ್ಮ ಮನೆಗೆ ಪ್ಲೇಗಿನ ಇಲಾಖೆಯ ಜನ ಬಂದದ್ದು ನಿನಗೆ ನೆನಪಿದೆಯಲ್ಲ — ನೀನೇ ಎಷ್ಟೋ ಸಲ ಹೇಳಿದ್ದೀ. ರೋಗದ ಮನೆಯೊಳಗೆ ಬಿಸಿಲು ಬೀಳಲೆಂದು ಹೆಂಚು ಒಂದೊಂದಾಗಿ ಕೆಳಗೆ ಬರುತ್ತಿದ್ದದ್ದು, ಒಲೆಯ ಮೇಲೆ ಬಿಸಿಲು ಬಿದ್ದದ್ದನ್ನು ಕಂಡು ನೀನು ಚಪ್ಪಾಳೆ ತಟ್ಟಿದ್ದು, ನಿನ್ನ ಅಮ್ಮ ಕೆನ್ನೆಗೆ ಹೊಡೆದದ್ದು. ಬಟ್ಟೆಬರೆ ಸುಟ್ಟರು. ಗುಡಿಸಲಿನಲ್ಲಿ ನಿನ್ನ ದಾದಿಗೆ ಹೊದೆಯಲು ಏನೂ ಉಳಿದಿರಲಿಲ್ಲ ಎಂದು ನೀನು ಹೇಳುವಾಗ ನಾನು ನೆಲ ನೋಡುತ್ತಿದ್ದೆ. ಮಾವನಿಗೆ ಎಷ್ಟು ಮರುಕ ಎಂದುಕೊಂಡಿರಬೇಕು ನೀನು.

ಹುಸೇನ್ ಸಾಹೇಬನನ್ನು ಉಳಿಸಿದವಳು ಈರಕ್ಕ. ಕುರಿಗೆ ನೀರು ಕುಡಿಸಲು ಬಂದವಳು ಮಂಟಪದಲ್ಲಿ ನರಳಾಟ ಕೇಳಿ, ಗಂಡನನ್ನು ಕೂಗಿ, ಹೊತ್ತುಕೊಂಡು ಹೋಗಿ ಹಟ್ಟಿಯಲ್ಲಿ ಮಲಗಿಸಿದಳು. ರಾಗಿ ಗಂಜಿ ಕುಡಿಸಿದಳು. ಪ್ಲೇಗೋ ಏನೋ ಎಂಬ ಹೆದರಿಕೆ ಅವಳಿಗೂ ಇದ್ದಿರಬೇಕಲ್ಲವೇ? ಆದರೂ ಅವಳು ಹಿಂದಕ್ಕೆ ಸರಿಯಲಿಲ್ಲ. ಜ್ವರ ಬಿಟ್ಟ ಮೇಲೆ ನಿನ್ನ ಅಪ್ಪ ಊರಿಗೆ ನಡೆದು ಬಂದ. ಮನೆಗೆ ಸೂರಿಲ್ಲ. ತಾಯಿಯನ್ನು ಮಣ್ಣು ಮಾಡಿ ಆಗಿತ್ತು.

ತಿಂಗಳು ಕಳೆದು ನಾನು ಅಜ್ಜಂಪುರಕ್ಕೆ ಬಂದಾಗ ಅವನೇ ನನ್ನನ್ನು ಹುಡುಕಿಕೊಂಡು ಬಂದ. ಹೊಡೆಯಲು ಬಂದ ಎಂದುಕೊಂಡೆ. ಅವನು ನನ್ನ ತೋಳು ಹಿಡಿದು ಸುತ್ತ ನಿಂತವರಿಗೆ ಹೇಳಿದ — “ಇವನ್ನ ಕೇಳ್ರಿ. ಇವನೇ ನೋಡಿದ್ದ. ಗೆಡ್ಡೆ ಇತ್ತೇನೋ ರಂಗಪ್ಪ?”

“ಇರಲಿಲ್ಲ” ಎಂದೆ. ಅಂದು ನಾನಾಡಿದ ನಿಜ ಅದೊಂದೇ.

“ಜನ ಕಳಿಸ್ತೀನಿ ಅಂದಿದ್ದೆಯಲ್ಲ?” ಎಂದು ಕೇಳಿದ. ಬೈಯಲು ಅಲ್ಲ, ಸುಮ್ಮನೆ. “ಹಟ್ಟಿಯೋರಿಗೆ ನಾನೇ ಹೇಳಿ ಹೋಗಿದ್ದೆ ಅಣ್ಣ, ನಿನ್ನ ನೋಡ್ಕೊಳ್ಳಿ ಅಂತ” ಎಂದುಬಿಟ್ಟೆ. ಅವನು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಆಮೇಲೆ ಯೋಚಿಸುತ್ತ ಹೇಳಿದ — “ಹಂಗಾದ್ರೆ ಪ್ಲೇಗು ಅಂತ ಹೇಳ್ದೋರು ಅವರೇ ಇರ್ಬೇಕು. ನಿನ್ನ, ಅವರನ್ ಬಿಟ್ರೆ ಇನ್ಯಾರ್ಗೆ ಗೊತ್ತಿತ್ತು?”

“ಇರಬಹುದು” ಎಂದೆ.

ಆ ಕಾಂಪೌಂಡರ್ ಅಷ್ಟರಲ್ಲಿ ವರ್ಗವಾಗಿ ಹೋಗಿದ್ದ. ನಿನ್ನ ಅಪ್ಪ ಸಾಯುವತನಕ ಆ ಹಟ್ಟಿಯ ದಾರಿ ತುಳಿಯಲಿಲ್ಲ. ಒಮ್ಮೆ ಸಂತೆಯಲ್ಲಿ ಈರಕ್ಕ ಎದುರಾಗಿ “ಮೈ ಹುಷಾರೈತೇನಪ್ಪಾ?” ಎಂದು ಕೇಳಿದಳು. ಅವನು ಮುಖ ತಿರುಗಿಸಿ ಹೋದ. ನಾನು ಜೊತೆಯಲ್ಲೇ ಇದ್ದೆ. ಅವಳು ಏನೂ ಅರ್ಥವಾಗದೆ ನಿಂತದ್ದನ್ನು ನೋಡಿದೆ.

ಮುಂದೆ ನಾನು ದೊರೆಯ ಕೆಲಸ ಬಿಟ್ಟು ಹೆಂಡತಿಯ ಊರಾದ ಈ ಅಜ್ಜಂಪುರಕ್ಕೇ ಬಂದೆ. ನಿಮ್ಮ ಮನೆಯವನೇ ಆದೆ. ನಿಮ್ಮ ಪ್ರತಿ ಹಬ್ಬದ ಸಿಹಿ ತಿಂದೆ. ತಿನ್ನುವಾಗೆಲ್ಲ ಬಾಗಿಲ ಕಡೆ ನೋಡುತ್ತಿದ್ದೆ — ಆ ಕಾಂಪೌಂಡರ್ ಬಂದು ನಿಂತಾನೇನೋ, ಇವನೇ ಹೇಳಿದ್ದು ಎಂದಾನೇನೋ ಎಂದು. ಬರಲಿಲ್ಲ. ಹುಸೇನ್ ಸಾಹೇಬನ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕೂತು ಎಷ್ಟೋ ಸಲ ಬಾಯಿ ತೆರೆದೆ. ಅವನು ನನ್ನ ಕೈ ಹಿಡಿದುಕೊಂಡಿದ್ದ. ಹೇಳಿದರೆ ಕೈ ಬಿಡುತ್ತಾನೆ ಎಂದು — ಅಷ್ಟಕ್ಕೇ ಹೆದರಿದೆ.

ನೀನು ನನ್ನನ್ನು ಮಾವ ಎಂದು ಕರೆಯುವುದು ಇನ್ನು ನಿಲ್ಲಬಹುದು. ಮದುವೆಯಲ್ಲಿ ನನಗೆ ಜಾಗವಿರದೆ ಇರಬಹುದು. ಅದು ನಿನಗೆ ಬಿಟ್ಟದ್ದು, ನಾನು ಕೇಳುವ ಹಾಗಿಲ್ಲ. ಇದನ್ನು ನಿನ್ನ ಮಗನ ಕೈಗೆ ಕೊಟ್ಟು ಓದಿಸೋಣ ಎಂದು ಮೊದಲು ಎಣಿಸಿದ್ದೆ. ಅದೂ ಹೆದರಿಕೆಯ ದಾರಿಯೇ ಎಂದು ಆಮೇಲೆ ಗೊತ್ತಾಯಿತು. ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ. ನಿನ್ನ ಅಮ್ಮನೂ ಅಲ್ಲೇ ಇರಲಿ, ಅವಳೂ ಕೇಳಿಸಿಕೊಳ್ಳಬೇಕು. ಅಲ್ಲಿಂದ ಹಟ್ಟಿಗೆ ಹೋಗುತ್ತೇನೆ. ಈರಕ್ಕ ಇನ್ನೂ ಇದ್ದಾಳೆ, ಕಣ್ಣು ಮಂಜಾಗಿದೆಯಂತೆ.

ಧೈರ್ಯ ಬಂದಿದೆ ಎಂದು ಹೇಳಲಾರೆ. ಹೆದರಿಕೊಂಡೇ ಬರುತ್ತೇನೆ, ಫಾತಿಮಾ.